ಹಿರಿಯರ ನೆನಪೂ ಚರಿತ್ರೆಯೇ

ಅಜ್ಜ ಮಾತಿಗೆ ಕುಳಿತರೆಂದರೆ ಹೇಳಿದ್ದನ್ನೇ ಹೇಳುತ್ತಾರೆಂದು ನೀವು ಬೇಸರಪಟ್ಟಿರಬಹುದು. 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯೂ ನಮ್ಮಲ್ಲಿದೆ. ಬಹುಕಾಲ ಅನೇಕ ವೈದ್ಯರೂ ಹಾಗೆಯೇ ತಿಳಿದಿದ್ದರು. ಹಳೆಯದನ್ನು ಮೆಲುಕು ಹಾಕುವುದು ಬುದ್ಧಿ ಮಂಕಾಗುತ್ತಿರುವ ಲಕ್ಷಣವೆಂದು ಭಾವಿಸಿದ್ದರು.

1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಈ ನಂಬಿಕೆಯನ್ನು ಪ್ರಶ್ನಿಸಿದರು. ಮುಪ್ಪಿನಲ್ಲಿ ತನ್ನ ಬಾಳನ್ನು ಹಿಂದಿರುಗಿ ನೋಡಿಕೊಳ್ಳುವುದು ಮನುಷ್ಯನಿಗೆ ಸಹಜ, ಅಗತ್ಯ ಎಂದು ವಾದಿಸಿದರು. ಬಳಿಕ ಹಲವು ದೇಶಗಳ ವೃದ್ಧಾಶ್ರಮಗಳಲ್ಲಿ ಹಿರಿಯರನ್ನು ಒಟ್ಟಿಗೆ ಕೂರಿಸಿ, ಹಳೆಯ ವಸ್ತು, ಚಿತ್ರ, ಹಾಡುಗಳ ನೆರವಿನಿಂದ ಅವರನ್ನು ಮಾತಿಗೆಳೆಯುವ ಪದ್ಧತಿ ಬೆಳೆಯಿತು. ಲಂಡನ್ನಿನಲ್ಲಿ 1983ರಲ್ಲಿ ಆರಂಭವಾದ 'ಏಜ್ ಎಕ್ಸ್‌ಚೇಂಜ್' ಸಂಸ್ಥೆ ಇಂಥ ನೆನಪುಗಳನ್ನು ನಾಟಕವಾಗಿಸಿ ರಂಗದ ಮೇಲೆ ತಂದಿತು.

ಇದಕ್ಕೊಂದು ವೈಜ್ಞಾನಿಕ ಆಧಾರವೂ ಇದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಅಳಿಯುವುದು ಇತ್ತೀಚಿನ ನೆನಪು. ಬೆಳಿಗ್ಗೆ ತಿಂದದ್ದನ್ನು ಮರೆತವರು ಬಾಲ್ಯದ ಜಾತ್ರೆಯನ್ನು ಬಣ್ಣಿಸುವುದುಂಟು. 2018ರಲ್ಲಿ 22 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ತಜ್ಞರು ಇದರ ಫಲ ಚಿಕ್ಕದು, ಎಲ್ಲೆಡೆ ಒಂದೇ ಸಮನಲ್ಲ ಎಂದರು. ಆದರೂ ಆರೈಕೆ ಕೇಂದ್ರಗಳಲ್ಲಿರುವವರ ಬದುಕು ತುಸು ಹಸನಾಗಬಹುದೆಂದು ಕಂಡುಕೊಂಡರು. ಇದು ರೋಗಕ್ಕೆ ಮದ್ದಲ್ಲ ಎಂಬುದನ್ನು ನೀವು ನೆನಪಿಡಬೇಕು.

ನೀವು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯವರೆಂದು ಇಟ್ಟುಕೊಳ್ಳೋಣ. ಹತ್ತಿರದ ವೃದ್ಧಾಶ್ರಮಕ್ಕೆ ಹೋಗುವಾಗ ಏನನ್ನು ಒಯ್ಯುವಿರಿ? ಒಂದು ಸೇರು, ಒಂದು ಪಾವು, ಸಿಕ್ಕರೆ ಒಂದು ತೂತುಕಾಸು ಸಾಕು. 1957ರ ಏಪ್ರಿಲ್ 1ರಂದು 16 ಆಣೆಯ ರೂಪಾಯಿ 100 ನಯೇ ಪೈಸೆಯ ರೂಪಾಯಿಯಾಯಿತೆಂದು ಪುಸ್ತಕ ಹೇಳುತ್ತದೆ. ಆ ವಾರದ ಸಂತೆಯಲ್ಲಿ ಚಿಲ್ಲರೆ ಲೆಕ್ಕಕ್ಕೆ ಏನೇನು ಜಗಳವಾಯಿತೆಂಬುದನ್ನು ಸಂತೆಗೆ ಹೋಗಿದ್ದವರೇ ಹೇಳಬೇಕು. ಊರಿನ ರೈಲು ನಿಲ್ದಾಣದ ಹೆಸರೆತ್ತಿದರೆ ಮೀಟರ್ ಗೇಜ್ ಕಾಲದ ಉಗಿಬಂಡಿ ಮಾತಿಗೆ ಬಂದೀತು.

ಆದರೆ ಕಾಲ ಕಾಯುವುದಿಲ್ಲ. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರವನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿದ ಈ ಅಣೆಕಟ್ಟು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಮೊದಲ ಕೋಡಿಯನ್ನು ಹತ್ತನೇ ವಯಸ್ಸಿನಲ್ಲಿ ಕಂಡವರಿಗೆ ಎರಡನೆಯದರ ಹೊತ್ತಿಗೆ 99. ನೀರಿನ ಮಟ್ಟ ದಾಖಲೆಯಲ್ಲಿ ಉಳಿಯುತ್ತದೆ. ಯಾರ ಗಾಡಿಯಲ್ಲಿ, ಯಾವ ಬುತ್ತಿ ಕಟ್ಟಿಕೊಂಡು ನೋಡಲು ಹೋದರೆಂಬುದು ಹೋದವರ ಜೊತೆಗೇ ಹೋಗುತ್ತದೆ.

ಕೇಳುವುದಕ್ಕೂ ಒಂದು ಕ್ರಮವಿದೆ. "ಯಾವ ಇಸವಿ?" ಎಂದು ಪರೀಕ್ಷೆ ಮಾಡಬೇಡಿ. ಪಾವನ್ನು ಕೈಗೆ ಕೊಟ್ಟು, "ಅಜ್ಜಿ, ಇದರಲ್ಲಿ ಏನೇನು ಅಳೀತಿದ್ರಿ?" ಎನ್ನಿ. ಇಸವಿ ತಪ್ಪಿದರೆ ಅಲ್ಲೇ ತಿದ್ದಬೇಡಿ. ಆಮೇಲೆ ದಾಖಲೆಯೊಡನೆ ಹೋಲಿಸಿ ನೋಡಿ. ನೆನಪೆಲ್ಲ ಸಿಹಿಯಲ್ಲ, ಬರಗಾಲ, ಸಾವು, ಅವಮಾನಗಳೂ ಎದ್ದುಬರುತ್ತವೆ. ಬೇಡವೆಂದರೆ ಅಲ್ಲಿಗೇ ಬಿಡಿ. ಕಣ್ಣೀರು ಬಂದರೆ ಎದ್ದುಹೋಗದೆ ಜೊತೆಗಿರಿ.

ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಅಲ್ಲಿನ ಸಿಬ್ಬಂದಿಗೂ ಕೇಳಿಸಿ. ಅಲ್ಲಿಯವರೆಗೆ 'ಮೂರನೇ ಮಂಚದ ಅಜ್ಜಿ' ಆಗಿದ್ದವರು, ಹತ್ತು ಜನರ ಮನೆಗೆ ರಾಗಿ ಬೀಸಿ ಬೇಸಾಯ ನಡೆಸಿದವರೆಂದು ಗೊತ್ತಾದ ಮೇಲೆ, ಅವರನ್ನು ಮಾತನಾಡಿಸುವ ದನಿಯೇ ಬೇರೆಯಾಗುತ್ತದೆ.