ವಿಡಂಬನೆಯೂ ಇತಿಹಾಸದ ಆಧಾರಗಳೂ: ಪುಷ್ಪಮಾಲಾ ಅವರ ಛಾಯಾಚಿತ್ರಗಳ ವಿಚಾರ

ಹಾಸ್ಯವನ್ನು ನವರಸಗಳಲ್ಲಿ ಒಂದೆಂದು ನಮ್ಮ ಲಾಕ್ಷಣಿಕರು ಮಾನ್ಯಮಾಡಿದ್ದಾರೆ. ಆದರೂ ದೃಶ್ಯಕಲೆಯಲ್ಲಿ ಅದರ ಸ್ಥಾನವು ವೃತ್ತಪತ್ರಿಕೆಯ ವ್ಯಂಗ್ಯಚಿತ್ರಕ್ಕೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆ ವಿದ್ವಾಂಸರಲ್ಲಿಯೂ ಉಂಟು. ಸಮಕಾಲೀನ ಕಲೆಯ ಹಾಸ್ಯವು ಇತಿಹಾಸದ ಆಧಾರಗಳನ್ನು ಪರೀಕ್ಷಿಸುವ ಸಾಧನವೂ ಆಗಬಲ್ಲದೇ ಎಂಬುದನ್ನು ಒಂದು ದೃಷ್ಟಾಂತದ ಮೂಲಕ ಇಲ್ಲಿ ವಿಚಾರಿಸುತ್ತೇವೆ.

1956ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಬರೋಡೆಯಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿದ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡಗೂಡಿ 2000ದಿಂದ 2004ರವರೆಗೆ ಒಂದು ಚಿತ್ರಮಾಲೆಯನ್ನು ರಚಿಸಿದರು. ಅದರ ಹೆಸರನ್ನು ‘ದಕ್ಷಿಣ ಭಾರತದ ದೇಶೀಯ ಸ್ತ್ರೀಯರು: ನಡಾವಳಿಗಳೂ ಆಚಾರಗಳೂ’ ಎಂದು ಕನ್ನಡಿಸಬಹುದು. ಹೆಸರಿನಲ್ಲಿಯೇ ವಿಡಂಬನೆ ಅಡಗಿದೆ. ಅದು ಹತ್ತೊಂಬತ್ತನೆಯ ಶತಮಾನದ ಆಂಗ್ಲ ಗ್ರಂಥಗಳ ಶೀರ್ಷಿಕೆಯ ಧಾಟಿಯಲ್ಲಿದೆ.

ಆ ಗ್ರಂಥಗಳ ಹಿನ್ನೆಲೆಯನ್ನು ತಿಳಿಯದೆ ಈ ಹಾಸ್ಯವು ಅರ್ಥವಾಗದು. ವಾಟ್ಸನ್ ಮತ್ತು ಕೇ ಎಂಬುವರು ಸಂಪಾದಿಸಿದ ‘ಪೀಪಲ್ ಆಫ್ ಇಂಡಿಯಾ’ ಎಂಬ ಸಚಿತ್ರ ಗ್ರಂಥವು 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾಯಿತು. ಅದರಲ್ಲಿ ವ್ಯಕ್ತಿಯು ವ್ಯಕ್ತಿಯಾಗಿರದೆ ಒಂದು ಜಾತಿಯ ಅಥವಾ ಪಂಗಡದ ಮಾದರಿಯಾದನು. 1869ರಲ್ಲಿ ಲ್ಯಾಂಪ್ರೆ ಎಂಬಾತನು ಎರಡೆರಡು ಅಂಗುಲದ ಚೌಕಗಳಾಗುವಂತೆ ರೇಷ್ಮೆ ದಾರಗಳನ್ನು ಬಿಗಿದ ಚೌಕಟ್ಟಿನ ಮುಂದೆ ಮನುಷ್ಯರನ್ನು ನಿಲ್ಲಿಸಿ ಚಿತ್ರ ತೆಗೆಯುವ ಕ್ರಮವನ್ನು ಸೂಚಿಸಿದನು. ಅಂಡಮಾನಿನಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿಯು ಅಲ್ಲಿನ ನಿವಾಸಿಗಳನ್ನು ಇಂತಹುದೇ ಚೌಕುಳಿ ತೆರೆಯ ಮುಂದೆ ನಿಲ್ಲಿಸಿದನು. 1909ರಲ್ಲಿ ಥರ್ಸ್ಟನ್ ಮತ್ತು ರಂಗಾಚಾರಿ ಅವರ ಏಳು ಸಂಪುಟಗಳೂ, 1928ರಿಂದ 1935ರವರೆಗೆ ಮೈಸೂರಿನ ಜಾತಿಪಂಗಡಗಳ ಸಂಪುಟಗಳೂ ಹೊರಬಂದವು. ಇವು ಇಂದಿಗೂ ನಮ್ಮ ಗ್ರಂಥಭಂಡಾರಗಳಲ್ಲಿ ಆಧಾರಗ್ರಂಥಗಳಾಗಿ ಬಳಕೆಯಲ್ಲಿವೆ. ಪ್ರಶ್ನೆಯ ಗುರುತ್ವವಿರುವುದು ಇಲ್ಲಿಯೇ.

ಪುಷ್ಪಮಾಲಾ ಅವರ ಚಿತ್ರಗಳಲ್ಲಿ ಕಲಾವಿದೆಯೇ ಪಾತ್ರಧಾರಿ. ರವಿವರ್ಮನ ಬೆಳದಿಂಗಳ ಸುಂದರಿ, ಮುದ್ರಣಗಳಲ್ಲಿ ಮನೆಮನೆಗೂ ಪರಿಚಿತಳಾದ ಲಕ್ಷ್ಮಿ, ದಖ್ಖನೀ ಶೈಲಿಯ ಯೋಗಿನಿ, ವೇಲಾಂಗಣಿ ಮಾತೆ, ತೋಡ ಸ್ತ್ರೀ, ವೃತ್ತಪತ್ರಿಕೆಯಲ್ಲಿ ಅಚ್ಚಾದ ಅಪರಾಧಿನಿ, ಚಲನಚಿತ್ರದ ನಾಯಿಕೆ: ಎಲ್ಲರ ಮುಖವೂ ಒಂದೇ. ಬಣ್ಣಬಳಿದ ಪರದೆ, ಕಂಪನಿ ನಾಟಕವನ್ನು ನೆನಪಿಗೆ ತರುವ ರಂಗಸಜ್ಜಿಕೆ ಮುಂತಾದುವನ್ನು ಮರೆಮಾಚುವ ಪ್ರಯತ್ನವಿಲ್ಲ.

ನಗೆಯು ಹುಟ್ಟುವುದು ಈ ಏಕರೂಪದಿಂದಲೇ ಎಂದು ನಮ್ಮ ಅಭಿಪ್ರಾಯ. ಮಾದರಿ ಎಂಬ ಕಲ್ಪನೆಗೆ ಆಧಾರ, ಮುಖದಲ್ಲಿಯೇ ಕುಲವೂ ಶೀಲವೂ ಲಿಖಿತವಾಗಿವೆ ಎಂಬ ನಂಬಿಕೆ. ಒಂದೇ ಮುಖವು ದೇವತೆಯೂ ಅಪರಾಧಿನಿಯೂ ಆದಾಗ ಆ ನಂಬಿಕೆಯು ಕುಸಿಯುತ್ತದೆ. ಮಾದರಿಯನ್ನು ನಿರ್ಮಿಸುವುದು ಶರೀರವಲ್ಲ, ತೆರೆ, ಉಡುಪು ಮತ್ತು ಶೀರ್ಷಿಕೆಗಳು ಎಂಬುದು ಪ್ರತ್ಯಕ್ಷವಾಗುತ್ತದೆ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ನಗರದ ವಿದ್ಯಾವಂತ ಕಲಾವಿದೆಯು ತೋಡ ಸ್ತ್ರೀಯ ವೇಷವನ್ನು ಧರಿಸುವುದು, ಹಿಂದೆ ಅಳತೆಗೆ ಗುರಿಯಾದವರನ್ನು ಮತ್ತೊಮ್ಮೆ ಪ್ರದರ್ಶನಕ್ಕೆ ಇಟ್ಟಂತಾಗುವುದಿಲ್ಲವೇ? ಈ ಆಕ್ಷೇಪಣೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಕಲಾವಿದೆ ಚೌಕುಳಿ ತೆರೆಯ ಮುಂದೆ ಸ್ವಇಚ್ಛೆಯಿಂದ ನಿಂತಳು. ಆದಿಯಲ್ಲಿ ನಿಂತವರಿಗೆ ಅಂತಹ ಸ್ವಾತಂತ್ರ್ಯವಿರಲಿಲ್ಲ. ನಗುವ ಅಧಿಕಾರವೂ ಅವರಿಗೆ ಇರಲಿಲ್ಲ. ಆದರೆ ಇಲ್ಲಿ ಅಪಹಾಸ್ಯಕ್ಕೆ ಗುರಿಯಾದುದು ಅಳೆಯಲ್ಪಟ್ಟ ಸ್ತ್ರೀಯಲ್ಲ, ಅಳೆಯುವ ಕ್ರಮ. ಅಳತೆಗೋಲಿನ ಗಾಂಭೀರ್ಯವನ್ನು ಯಥಾವತ್ತಾಗಿ ಅನುಕರಿಸಿದುದರಿಂದಲೇ ಅದರ ಟೊಳ್ಳುತನವು ವ್ಯಕ್ತವಾಗಿದೆ.

ಆದರೂ ವಿಡಂಬನೆಗೆ ಒಂದು ಮಿತಿ ಉಂಟು. ಅದು ಮಾದರಿಯನ್ನು ಒಡೆಯಬಲ್ಲದು. ಮಾದರಿಯ ಹಿಂದೆ ಮರೆಯಾದ ವ್ಯಕ್ತಿಯ ಹೆಸರನ್ನೂ ಬಾಳನ್ನೂ ಮರಳಿಸಲಾರದು. ಆ ಕಾರ್ಯವು ಇತಿಹಾಸಕಾರನಿಗೆ ಸೇರಿದುದು. ಹಳೆಯ ಸಂಪುಟದ ಚಿತ್ರವನ್ನು ಪಾಠದಲ್ಲಿ ತೋರಿಸುವಾಗ ಇದು ಯಾವ ಜಾತಿಯ ಚಿತ್ರವೆಂದು ಕೇಳುವುದಕ್ಕೆ ಮೊದಲು, ಇದನ್ನು ತೆಗೆದವರು ಯಾರು, ಯಾರ ಅಪ್ಪಣೆಯಿಂದ, ಹಿಂದಿನ ತೆರೆಯನ್ನು ಕಟ್ಟಿದುದೇಕೆ ಎಂದು ಅಧ್ಯಾಪಕರೂ ವಿದ್ಯಾರ್ಥಿಗಳೂ ಕೇಳತಕ್ಕದ್ದು. ಅಷ್ಟನ್ನು ಕಲಿಸಿದರೆ ಈ ನಗೆಯು ಸಾರ್ಥಕವಾಯಿತೆಂದು ಹೇಳಬಹುದು.