ಸ್ಟೈನ್ಸ್;ಗೇಟ್

ಸ್ಟೈನ್ಸ್;ಗೇಟ್ ಕಾಲಯಾನದ ಕಥೆ ಹೇಳುವ ಒಂದು ಜಪಾನಿ ವಿಶುವಲ್ ನಾವೆಲ್. ಜಪಾನಿನಲ್ಲಿ ಇದನ್ನು ‘ಷುತೈನ್ಜು ಗೇತೊ’ ಎನ್ನುತ್ತಾರೆ. 5ಪಿಬಿ ಮತ್ತು ನೈಟ್ರೋಪ್ಲಸ್ ಸಂಸ್ಥೆಗಳು ಸೇರಿ ತಯಾರಿಸಿದ ಈ ಕೃತಿ 2009ರ ಅಕ್ಟೋಬರ್ 15ರಂದು ಎಕ್ಸ್‌ಬಾಕ್ಸ್ 360ಕ್ಕೂ ಮರುವರ್ಷದ ಆಗಸ್ಟ್‌ನಲ್ಲಿ ವಿಂಡೋಸ್ ಕಂಪ್ಯೂಟರಿಗೂ ಬಂತು. ಇಂಗ್ಲಿಷಿನಲ್ಲಿ ಅಧಿಕೃತವಾಗಿ ಸಿಕ್ಕಿದ್ದು 2014ರಲ್ಲಿ. ಅಷ್ಟರೊಳಗೆ 2011ರ ಅನಿಮೆ (ಜಪಾನಿ ಅನಿಮೇಷನ್) ಟಿವಿ ಧಾರಾವಾಹಿಯ ಮೂಲಕ ಕಥೆ ಲೋಕವನ್ನೆಲ್ಲ ಸುತ್ತಿಬಂದಿತ್ತು. ಹಾಗಾಗಿ ಜಪಾನಿನ ಹೊರಗೆ ಬಹಳ ಮಂದಿಗೆ ಸ್ಟೈನ್ಸ್;ಗೇಟ್ ಎಂದರೆ ಅನಿಮೆ. ಅದರ ಬೇರು ಓದುವ ಆಟವೊಂದರಲ್ಲಿದೆ.

ವಿಶುವಲ್ ನಾವೆಲ್ ಎನ್ನುವುದು ಓದುತ್ತಾ ಆಡುವ, ಆಡುತ್ತಾ ಓದುವ ಕಾದಂಬರಿ. ತೆರೆಯ ಮೇಲೆ ಪಾತ್ರದ ಚಿತ್ರ, ಕೆಳಗೆ ಮಾತಿನ ಸಾಲು, ಹಿಂದೆ ನಟರ ಧ್ವನಿ ಮತ್ತು ಸಂಗೀತ. ಗುಂಡಿ ಒತ್ತಿದ ಹಾಗೆ ಸಾಲು ಮುಂದೆ ಸರಿಯುತ್ತದೆ. ಕೆಲವು ತಿರುವುಗಳಲ್ಲಿ ಓದುಗ ಏನಾದರೊಂದನ್ನು ಆರಿಸಬೇಕು, ಆರಿಸಿದ್ದಕ್ಕೆ ತಕ್ಕಂತೆ ಕಥೆ ಕವಲೊಡೆಯುತ್ತದೆ. ಒಂದು ಕವಲು ಮುಗಿಸಿದವನು ಹಿಂದಕ್ಕೆ ಹೋಗಿ ಇನ್ನೊಂದನ್ನು ಹಿಡಿಯಬಹುದು. ಕಾಲದಲ್ಲಿ ಹಿಂದೆ ಹೋಗಿ ಆದದ್ದನ್ನು ತಿದ್ದುವ ಕಥೆಗೆ ಇದಕ್ಕಿಂತ ಒಪ್ಪುವ ಪ್ರಕಾರ ಸಿಗುವುದು ಕಷ್ಟ. ಸ್ಟೈನ್ಸ್;ಗೇಟ್‌ನ ಹೆಚ್ಚುಗಾರಿಕೆ ಈ ಒಪ್ಪಿಗೆಯನ್ನು ಗುರುತಿಸಿ ಕೊನೆಯ ತನಕ ದುಡಿಸಿಕೊಂಡದ್ದರಲ್ಲಿದೆ.

ರಚನೆ

ಕೃತಿಯ ಮೂಲ ಕಲ್ಪನೆ ಷಿಕುರಾ ಚಿಯೊಮಾರು ಅವರದು, ಬರವಣಿಗೆ ಹಯಾಷಿ ನಾವೊತಾಕಾ ಅವರದು. ಪಾತ್ರಗಳನ್ನು ಚಿತ್ರಿಸಿದವರು ಹುಕೆ, ಸಂಗೀತ ಅಬೊ ತಕೇಷಿ ಅವರದು. ವಿಜ್ಞಾನವನ್ನು ನೆಲೆಯಾಗಿ ಇಟ್ಟುಕೊಂಡ ಕಥಾಸರಣಿಯೊಂದರಲ್ಲಿ ಇದು ಎರಡನೆಯದು. ಮೊದಲನೆಯದು 2008ರ ಕೇಯೋಸ್;ಹೆಡ್, ಮೂರನೆಯದು 2012ರ ರೊಬೊಟಿಕ್ಸ್;ನೋಟ್ಸ್. ನೂರಕ್ಕೆ 99 ಪಾಲು ವಿಜ್ಞಾನ, ಉಳಿದ ಒಂದು ಪಾಲು ಕಲ್ಪನೆ ಎನ್ನುವುದು ತಯಾರಕರು ಹೇಳಿಕೊಂಡ ಸೂತ್ರ. ಲೆಕ್ಕ ಅಕ್ಷರಶಃ ನಿಜವಲ್ಲದಿದ್ದರೂ ನಿಜದ ಲೋಕದಿಂದ ಎತ್ತಿಕೊಂಡ ಸಾಮಗ್ರಿ ಇಲ್ಲಿ ಧಾರಾಳವಾಗಿದೆ. ಜಿನೀವಾದ ಸರ್ನ್ ಪ್ರಯೋಗಾಲಯ ಒಂದಕ್ಷರ ಬದಲಾಗಿ ಕಥೆಯೊಳಗೆ ಬಂದಿದೆ. ಅದರ ಕಣವೇಗವರ್ಧಕದಲ್ಲಿ ಪುಟ್ಟ ಕಪ್ಪುಕುಳಿಗಳು ಹುಟ್ಟಬಹುದೆಂದು ಆಗ ಜನರಲ್ಲಿದ್ದ ಅಂಜಿಕೆಯೂ ಕಥೆಗೆ ಒದಗಿದೆ. 2000–01ರಲ್ಲಿ ಜಾನ್ ಟೈಟರ್ ಎಂಬ ಹೆಸರಿನಿಂದ ಯಾರೋ ಒಬ್ಬರು ತಾವು 2036ರಿಂದ ಬಂದವರೆಂದೂ 1975ರ ಐಬಿಎಂ 5100 ಕಂಪ್ಯೂಟರನ್ನು ಹುಡುಕಿ ಹೊರಟವರೆಂದೂ ಇಂಟರ್‌ನೆಟ್ಟಿನಲ್ಲಿ ಬರೆದಿದ್ದರು. ಆ ದಂತಕಥೆ ಇಡೀ ಕಥಾವಸ್ತುವಿನ ಒಂದು ಕಂಬ. ಕಥೆಯಲ್ಲಿ ಆ ಯಂತ್ರದ ಹೆಸರು ಐಬಿಎನ್ 5100.

ಕಥೆ

ಟೋಕಿಯೋದ ಅಕಿಹಾಬಾರಾ, 2010ರ ಬೇಸಿಗೆ. ಹದಿನೆಂಟರ ಕಾಲೇಜು ಹುಡುಗ ಒಕಾಬೆ ರಿಂತಾರೊ ತನ್ನನ್ನು ಹೋವೊಯಿನ್ ಕ್ಯೋಮಾ ಎಂಬ ಹುಚ್ಚು ವಿಜ್ಞಾನಿ ಎಂದು ಕರೆದುಕೊಳ್ಳುತ್ತಾನೆ. ಪಿಕ್ಚರ್ ಟ್ಯೂಬ್ ಟಿವಿಗಳನ್ನು ರಿಪೇರಿ ಮಾಡುವ ಅಂಗಡಿಯೊಂದರ ಮಾಳಿಗೆಯ ಬಾಡಿಗೆ ಕೋಣೆಯೇ ಅವನ ‘ಭವಿಷ್ಯ ಉಪಕರಣ ಪ್ರಯೋಗಾಲಯ’. ಬಾಲ್ಯದ ಗೆಳತಿ ಷೀನಾ ಮಯುರಿ ಮತ್ತು ಕಂಪ್ಯೂಟರ್ ನಿಪುಣ ಹಷಿದಾ ಇತಾರು ಅಲ್ಲಿನ ಸದಸ್ಯರು. ಮೊಬೈಲನ್ನು ಜೋಡಿಸಿದ ಮೈಕ್ರೋವೇವ್ ಓವನ್ ಅವರ ಆವಿಷ್ಕಾರಗಳಲ್ಲಿ ಒಂದು. ಬಾಳೆಹಣ್ಣು ಒಳಗಿಟ್ಟರೆ ಹಸಿರು ಲೋಳೆಯಾಗುತ್ತದೆ.

ಜುಲೈ 28ರಂದು ಉಪನ್ಯಾಸ ಕೇಳಲು ಹೋದ ಒಕಾಬೆಗೆ ಮಕಿಸೆ ಕುರಿಸು ಎಂಬ ಯುವ ವಿಜ್ಞಾನಿ ರಕ್ತದ ಮಡುವಿನಲ್ಲಿ ಬಿದ್ದಿರುವುದು ಕಾಣುತ್ತದೆ. ಗಾಬರಿಯಲ್ಲಿ ಗೆಳೆಯನಿಗೆ ಅದನ್ನು ಮೆಸೇಜ್ ಮಾಡುತ್ತಾನೆ. ಕಳಿಸಿದ ಕ್ಷಣದಲ್ಲಿ ಬೀದಿಯ ಜನವೆಲ್ಲ ಮಾಯ. ಸತ್ತಳೆಂದುಕೊಂಡ ಕುರಿಸು ಸ್ವಲ್ಪ ಹೊತ್ತಿಗೆ ಎದುರು ಬಂದು ನಿಲ್ಲುತ್ತಾಳೆ. ಅವನ ಮೆಸೇಜ್ ಗೆಳೆಯನ ಮೊಬೈಲಿಗೆ ಕೆಲವು ದಿನ ಹಿಂದಿನ ತಾರೀಕಿನಲ್ಲಿ ತಲುಪಿರುತ್ತದೆ. ಲೋಕ ಬದಲಾಗಿದೆ, ಹಳೆಯದು ನೆನಪಿರುವುದು ಅವನೊಬ್ಬನಿಗೆ. ಈ ಶಕ್ತಿಗೆ ಅವನು ‘ರೀಡಿಂಗ್ ಸ್ಟೈನರ್’ ಎಂದು ಹೆಸರಿಡುತ್ತಾನೆ.

ಮೊಬೈಲ್ ಜೋಡಿಸಿದ ಆ ಓವನ್ ಮೂಲಕ ಹೀಗೆ ಹಿಂದಕ್ಕೆ ಹೋಗುವ ಮೆಸೇಜುಗಳೇ ‘ಡಿ-ಮೇಲ್’. ಒಂದರಲ್ಲಿ ಹಿಡಿಯುವುದು 36 ಬೈಟ್, ಅಂದರೆ ಹದಿನೆಂಟು ಜಪಾನಿ ಅಕ್ಷರ. ಪ್ರಯೋಗಾಲಯಕ್ಕೆ ಒಬ್ಬೊಬ್ಬರೇ ಸೇರಿಕೊಳ್ಳುತ್ತಾರೆ, ಒಬ್ಬೊಬ್ಬರಿಗೂ ತಿದ್ದಬೇಕಾದ ಹಿಂದಿನ ದಿನವೊಂದು ಇರುತ್ತದೆ. ಫೆಯ್ರಿಸ್ ಎಂದು ಕರೆಸಿಕೊಳ್ಳುವ ಅಕಿಹಾ ರುಮಿಹೊಗೆ ಸತ್ತ ತಂದೆ ಬೇಕು, ಗಂಡಾಗಿ ಹುಟ್ಟಿದ ಉರುಷಿಬಾರಾ ರುಕಾಗೆ ಹೆಣ್ಣಾಗಬೇಕು. ಅಷ್ಟರಲ್ಲಿ ಕುರಿಸುವಿನ ಜಾಣ್ಮೆಯಿಂದ, 48 ಗಂಟೆಯಷ್ಟು ಹಿಂದಿನ ತನಗೇ ನೆನಪನ್ನು ಕಳಿಸಿಕೊಳ್ಳುವ ಯಂತ್ರವೂ ಸಿದ್ಧವಾಗುತ್ತದೆ. ಅದು ಸಿದ್ಧವಾದ ರಾತ್ರಿಯೇ ಕಥೆಯೊಳಗಿನ ಸರ್ನ್‌ನವರು ನುಗ್ಗಿ ಮಯುರಿಯನ್ನು ಕೊಲ್ಲುತ್ತಾರೆ.

ಅಲ್ಲಿಂದ ಕಥೆಯ ಬಣ್ಣವೇ ಬೇರೆ. ಒಕಾಬೆ ಹಿಂದಕ್ಕೆ ಹಾರಿ ಅವಳನ್ನು ಉಳಿಸಲು ನೋಡುತ್ತಾನೆ. ದಾರಿ ಬದಲಿಸಿದರೂ ಊರು ಬಿಡಲು ಹೊರಟರೂ ಅವಳು ಸಾಯುತ್ತಾಳೆ. ಘಟನೆಗಳು ಹೇಗೇ ತಿರುಗಿದರೂ ಕಾಲರೇಖೆಗಳ ಒಂದು ಕಂತೆ ಅದೇ ತುದಿಗೆ ಬಂದು ಕೂಡುತ್ತದೆ ಎನ್ನುವುದು ಕಥೆಯ ನಿಯಮ. ಆ ಕಂತೆಯಿಂದ ಹೊರಬೀಳಲು ಒಂದೇ ದಾರಿ, ಕಳಿಸಿದ ಡಿ-ಮೇಲ್‌ಗಳನ್ನೆಲ್ಲ ಒಂದೊಂದಾಗಿ ರದ್ದು ಮಾಡುವುದು. ಎಂದರೆ ಫೆಯ್ರಿಸ್ ತಂದೆಯನ್ನು ಮತ್ತೆ ಕಳೆದುಕೊಳ್ಳಬೇಕು, ರುಕಾ ಮತ್ತೆ ಗಂಡಾಗಬೇಕು. ಒಕಾಬೆ ಅವರವರ ಮುಂದೆ ಹೋಗಿ ನಿಂತು, ಕೊಟ್ಟದ್ದನ್ನು ವಾಪಸು ಕೇಳಬೇಕು. ಕಡೆಗೆ ಉಳಿಯುವುದು ಮೊಟ್ಟಮೊದಲ ಮೆಸೇಜ್. ಅದನ್ನು ಅಳಿಸಿದರೆ ಮಯುರಿ ಬದುಕುತ್ತಾಳೆ, ಕುರಿಸು ಸಾಯುತ್ತಾಳೆ. ಇಬ್ಬರೂ ಬದುಕುವ ಕಿರಿದಾದ ಕಾಲರೇಖೆಗೆ ಒಕಾಬೆ ಕೊಟ್ಟ ಹೆಸರು ‘ಸ್ಟೈನ್ಸ್ ಗೇಟ್’. ಅದನ್ನು ಮುಟ್ಟುವ ಬಗೆ ಕೊನೆಯ ಅಧ್ಯಾಯದ ವಸ್ತು.

ಆಟದ ಬಗೆ

ಮಾಮೂಲು ವಿಶುವಲ್ ನಾವೆಲ್ ‘ಹೀಗೆ ಮಾಡಲೇ, ಹಾಗೆ ಮಾಡಲೇ’ ಎಂದು ಪಟ್ಟಿ ಮುಂದಿಟ್ಟು ಕೇಳುತ್ತದೆ. ಸ್ಟೈನ್ಸ್;ಗೇಟ್ ಹಾಗೆ ಕೇಳುವುದಿಲ್ಲ. ಓದುಗನ ಕೈಗೆ ಸಿಗುವುದು ಒಕಾಬೆಯ ಮೊಬೈಲ್ ಮಾತ್ರ. ಕರೆ ಬಂದರೆ ಎತ್ತಬಹುದು, ಬಿಡಬಹುದು. ಬಂದ ಮೆಸೇಜಿನಲ್ಲಿ ಕೆಲವು ಪದಗಳು ನೀಲಿಯಾಗಿ ಕಾಣುತ್ತವೆ, ಯಾವ ಪದವನ್ನು ಒತ್ತಿದರೆ ಆ ಪದ ಹಿಡಿದು ಉತ್ತರ ಹೋಗುತ್ತದೆ. ಆಯ್ಕೆ ಮಾಡುತ್ತಿದ್ದೇನೆ ಎಂಬ ಅರಿವೇ ಇಲ್ಲದೆ ಆಯ್ಕೆ ನಡೆದುಹೋಗಿರುತ್ತದೆ. ಕುರಿಸುವಿನ ಮೆಸೇಜುಗಳಿಗೆ ಉಡಾಫೆಯಿಂದ ಉತ್ತರಿಸಿದವನಿಗೆ, ಅಥವಾ ಉತ್ತರಿಸದೆ ಬಿಟ್ಟವನಿಗೆ, ನಿಜವಾದ ಮುಕ್ತಾಯ ತೆರೆಯುವುದೇ ಇಲ್ಲ. ಬಹಳ ತಾಸು ಓದಿದ ಮೇಲೆ ಅದು ತಿಳಿಯುತ್ತದೆ.

ಆಟಕ್ಕಿರುವ ಆರು ಮುಕ್ತಾಯಗಳಲ್ಲಿ ಹಲವು ‘ಇಲ್ಲಿಗೆ ಸಾಕು’ ಎಂದು ಒಕಾಬೆ ನಿಂತುಬಿಡುವ ಜಾಗಗಳು. ರುಕಾಳ ಆಸೆಯನ್ನು ರದ್ದು ಮಾಡಲು ಮನಸ್ಸಾಗದಿದ್ದರೆ ಕಥೆ ಅಲ್ಲೇ ಮುಗಿಯುತ್ತದೆ, ಮಯುರಿ ಇಲ್ಲದ ಲೋಕದಲ್ಲಿ. ಅಮಾನೆ ಸುಜುಹಾ ಎಂಬ ಕಾಲಯಾನಿ ಹುಡುಗಿಯನ್ನು ಹಿಂದಿನ ಕಾಲಕ್ಕೆ ಕಳಿಸಿಕೊಡಲು ಒಲ್ಲದ ಒಕಾಬೆ ಅದೇ ಎರಡು ದಿನಗಳಿಗೆ ಮತ್ತೆ ಮತ್ತೆ ಹಾರುತ್ತಾ ಕೂರುತ್ತಾನೆ. ನೋವು ಆಗುವುದೇ ನಿಂತುಹೋಗುತ್ತದೆ, ಮಾತುಗಳು ಸವೆಯುತ್ತವೆ. ಆಟದ ಅತಿ ಕ್ರೂರ ಪುಟಗಳು ಇವು, ಅತಿ ಉತ್ತಮ ಪುಟಗಳೂ ಇವೇ ಎಂದು ಧೈರ್ಯವಾಗಿ ಹೇಳಬಹುದು. ಅಲ್ಲಿಗೆ ಒಕಾಬೆಯನ್ನು ತಂದು ಕೂರಿಸಿದ್ದು ಗುಂಡಿ ಒತ್ತಿದ ಓದುಗನ ಬೆರಳು.

ಟಿವಿ ಮತ್ತು ಸಿನಿಮಾ ರೂಪಗಳು

ಇಂಥ ಕೃತಿಯನ್ನು ಟಿವಿಗೆ ತರುವಾಗ ಮೊದಲು ಕಳೆದುಹೋಗುವುದು ಆ ಬೆರಳು. ವೈಟ್ ಫಾಕ್ಸ್ ಸ್ಟುಡಿಯೋದ ಅನಿಮೆ 2011ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 24 ಕಂತುಗಳಲ್ಲಿ ಪ್ರಸಾರವಾಯಿತು. ಹಮಾಸಾಕಿ ಹಿರೋಷಿ ಮತ್ತು ಸಾತೊ ತಕುಯಾ ನಿರ್ದೇಶಕರು, ಕಥೆಯನ್ನು ಕಂತುಗಳಿಗೆ ಹೊಂದಿಸಿದವರು ಹನಾದಾ ಜುಕ್ಕಿ. ಕವಲುಗಳನ್ನು ಅವರು ಬಿಸಾಡಲಿಲ್ಲ. ನಿಜವಾದ ಮುಕ್ತಾಯದ ದಾರಿಯನ್ನು ನೇರ ಇಟ್ಟು, ಪಕ್ಕದ ಕವಲುಗಳ ಭಾವವನ್ನು ಆ ದಾರಿಯ ಮೇಲೆಯೇ ಒಂದೊಂದು ಕಂತಾಗಿ ಹರಡಿದರು. ರುಕಾ, ಫೆಯ್ರಿಸ್, ಸುಜುಹಾ ಒಬ್ಬೊಬ್ಬರನ್ನೂ ಒಕಾಬೆ ದಾಟಿ ಹೋಗುತ್ತಾನೆ. ಆಟದಲ್ಲಿ ನಿಲ್ಲಬಹುದಿತ್ತು, ಇಲ್ಲಿ ನಿಲ್ಲಲಾರ. ನೋಡುವವರಿಗೆ ಅಪರಾಧದ ಭಾರ ಇಲ್ಲ, ಅದರ ಬದಲು ಅವನ ದಣಿವನ್ನು ಹೊರಗಿನಿಂದ ಕಾಣುವ ಸಂಕಟವಿದೆ. ಒಕಾಬೆಗೆ ಧ್ವನಿ ಕೊಟ್ಟ ಮಿಯಾನೊ ಮಮೊರು ಈ ದಣಿವನ್ನು ಹೊತ್ತ ರೀತಿ ಅನಿಮೆಯ ದೊಡ್ಡ ಆಸ್ತಿ. ಮೊದಲ ಕಂತುಗಳ ಹುಚ್ಚು ನಗು ಕೊನೆಗೆ ಬಲವಂತದ ನಗುವಾಗುವುದು ಕಿವಿಗೆ ತಿಳಿಯುತ್ತದೆ. ಕುರಿಸುವಿನ ಧ್ವನಿ ಇಮಾಯ್ ಅಸಾಮಿ, ಮಯುರಿಯದು ಹನಾಜಾವಾ ಕಾನಾ.

ಮೊದಲರ್ಧ ನಿಧಾನ ಎಂಬ ದೂರು ಅಂದಿನಿಂದ ಇಂದಿನವರೆಗೂ ಇದೆ. ಹನ್ನೆರಡನೆಯ ಕಂತಿನವರೆಗೆ ಬಿಸಿಲಿಗೆ ಬಿಳಚಿಕೊಂಡ ಬೀದಿ, ಫ್ಯಾನಿನ ಸದ್ದು, ಬಾಯಿಬಡುಕ ಗೆಳೆಯರು ಇಷ್ಟೇ. ಆ ದೂರನ್ನು ಒಪ್ಪಲಾಗದು. ಮಯುರಿ ಆ ಕೋಣೆಯ ಮೂಲೆಯಲ್ಲಿ ಕೂತು ಬಟ್ಟೆ ಹೊಲಿಯುವುದನ್ನು ನಾವು ಹತ್ತು ಸಲ ನೋಡಿರದಿದ್ದರೆ, ಆ ಮೂಲೆ ಬರಿದಾದಾಗ ನಮಗೇನೂ ಅನಿಸುತ್ತಿರಲಿಲ್ಲ.

ಅಮೆರಿಕದಲ್ಲಿ ನಡೆಯುವ ಒಂದು ಹೆಚ್ಚುವರಿ ಕಂತು 2012ರಲ್ಲಿ ಡಿಸ್ಕ್ ರೂಪದಲ್ಲಿ ಬಂತು. 2013ರ ಏಪ್ರಿಲ್ 20ರಂದು ಬಿಡುಗಡೆಯಾದ ಸಿನಿಮಾದಲ್ಲಿ ಪಾತ್ರಗಳು ತಿರುವುಮುರುವಾಗುತ್ತವೆ. ಅಷ್ಟೊಂದು ಕಾಲರೇಖೆಗಳ ನೆನಪು ಹೊತ್ತ ಒಕಾಬೆ ಲೋಕದಿಂದ ಮಾಯವಾಗುತ್ತಾನೆ, ಅವನನ್ನು ಮರಳಿಸುವ ಹೊರೆ ಕುರಿಸುವಿನದು. ನಿರ್ದೇಶನ ವಕಾಬಾಯಾಷಿ ಕಾಂಜಿ ಅವರದು.

2015ರಲ್ಲಿ ಧಾರಾವಾಹಿ ಮರುಪ್ರಸಾರವಾಗುತ್ತಿದ್ದಾಗ ಡಿಸೆಂಬರ್ ತಿಂಗಳಲ್ಲಿ 23ನೆಯ ಕಂತು ಹಳೆಯ ದಾರಿ ಬಿಟ್ಟು ಬೇರೆಡೆ ತಿರುಗಿತು. ಕುರಿಸುವನ್ನು ಉಳಿಸಲು ಹೋದ ಒಕಾಬೆ ಸೋತು ಮರಳಿ, ಇನ್ನೊಮ್ಮೆ ಹೋಗಲು ಏಳದೆ ಕೂತುಬಿಡುತ್ತಾನೆ. ಗೊತ್ತಿರುವ ಕಥೆಯೆಂದು ಮತ್ತೆ ನೋಡಲು ಕೂತವರ ಎದುರು ಲೋಕವೇ ಬದಲಾದದ್ದು ಆ ಕೃತಿಯ ಸ್ವಭಾವಕ್ಕೆ ತಕ್ಕ ಪ್ರಕಟಣೆಯಾಗಿತ್ತು. ಅದೇ ತಿಂಗಳ 10ರಂದು ಮುಂದುವರಿಕೆ ಆಟ ಸ್ಟೈನ್ಸ್;ಗೇಟ್ 0 ಬಂತು. ಅಲ್ಲಿ ಸತ್ತ ಕುರಿಸುವಿನ ನೆನಪುಗಳನ್ನು ತುಂಬಿಕೊಂಡ ‘ಅಮಾಡಿಯಸ್’ ಎಂಬ ಕೃತಕ ಬುದ್ಧಿಮತ್ತೆ ಒಕಾಬೆಯ ಮೊಬೈಲಿಗೆ ಕರೆ ಮಾಡುತ್ತದೆ. ಎತ್ತುವುದೋ ಬಿಡುವುದೋ ಮತ್ತೆ ಓದುಗನ ಪಾಲಿಗೆ. ಇದರ ಅನಿಮೆ 2018ರಲ್ಲಿ 23 ಕಂತುಗಳಾಗಿ ಪ್ರಸಾರವಾಯಿತು, ನಿರ್ದೇಶಕ ಕವಾಮುರಾ ಕೆನಿಚಿ. ಪರಸ್ಪರ ಕೂಡದ ಕವಲುಗಳನ್ನು ಒಂದೇ ಹಗ್ಗವಾಗಿ ಹೊಸೆಯಲು ಹೊರಟ ಈ ಧಾರಾವಾಹಿಯಲ್ಲಿ ಮೊದಲನೆಯದರ ಬಿಗಿ ಇಲ್ಲ.

2018ರ ಸೆಪ್ಟೆಂಬರ್ 20ರಂದು ಜಪಾನಿನಲ್ಲಿ ಬಂದ ಸ್ಟೈನ್ಸ್;ಗೇಟ್ ಎಲೀಟ್ ಚಕ್ರವನ್ನು ಇನ್ನೊಂದು ಸುತ್ತು ತಿರುಗಿಸಿತು. ನಿಂತ ಚಿತ್ರಗಳ ಜಾಗದಲ್ಲಿ 2011ರ ಅನಿಮೆಯ ದೃಶ್ಯಗಳನ್ನೇ ಇಟ್ಟು ಅದನ್ನು ಮರಳಿ ಆಟವಾಗಿಸಿದರು. ಟಿವಿಯಲ್ಲಿ ಬಿಟ್ಟುಹೋಗಿದ್ದ ಮುಕ್ತಾಯಗಳಿಗೆ ಹೊಸದಾಗಿ ಅನಿಮೆ ಬರೆಸಿದರು. ಕವಲು ಕಡಿದು ಮಾಡಿದ ಧಾರಾವಾಹಿಗೆ ಏಳು ವರ್ಷದ ಮೇಲೆ ಕವಲುಗಳು ಮತ್ತೆ ಚಿಗುರಿದವು.

ಅಕಿಹಾಬಾರಾ

ಈ ಕೃತಿಯನ್ನು ಅಕಿಹಾಬಾರಾದಿಂದ ಬಿಡಿಸಿ ನೋಡಲಾಗದು. ಎರಡನೆಯ ಮಹಾಯುದ್ಧದ ನಂತರ ರೇಡಿಯೋ ಬಿಡಿಭಾಗಗಳ ಸಂತೆಯಾಗಿ ಬೆಳೆದ ಈ ಪೇಟೆ, ಟಿವಿ, ಕಂಪ್ಯೂಟರುಗಳನ್ನು ದಾಟಿ ಅನಿಮೆ ಮತ್ತು ಆಟಗಳ ಪೇಟೆಯಾಯಿತು. ಕಥೆಯಲ್ಲಿ ಫೆಯ್ರಿಸಳ ತಂದೆ ಬದುಕಿ ಬಂದ ಕೂಡಲೇ ಬೀದಿಯಲ್ಲಿ ಅನಿಮೆ ಅಂಗಡಿಗಳು ಒಂದೂ ಉಳಿಯದೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳಷ್ಟೇ ಕಾಣುತ್ತವೆ. ಒಂದು ಕುಟುಂಬದ ಆಸೆಯಿಂದ ಒಂದು ಪೇಟೆಯ ಚರಿತ್ರೆಯೇ ಬದಲಾಗುವ ಆ ದೃಶ್ಯ ಊರನ್ನು ಬಲ್ಲವರಿಗೆ ಬೇರೆಯೇ ತೂಕದ್ದು.

ಕಥೆ ಶುರುವಾಗುವ ರೇಡಿಯೋ ಕೈಕಾನ್ ನಿಜವಾದ ಕಟ್ಟಡ. ಒಕಾಬೆ ಮೊದಲ ಮೆಸೇಜ್ ಕಳಿಸಿದ ಕ್ಷಣದಲ್ಲಿ ಅದರ ಮೇಲ್ಭಾಗಕ್ಕೆ ಉಪಗ್ರಹದಂಥ ಯಂತ್ರವೊಂದು ಬಂದು ನಾಟಿಕೊಂಡಿರುತ್ತದೆ. ಅನಿಮೆ ಪ್ರಸಾರವಾದ 2011ರಲ್ಲೇ ಆ ಹಳೆಯ ಕಟ್ಟಡವನ್ನು ಕೆಡವುವ ಕಾಲ ಬಂತು. ಆ ಶರತ್ಕಾಲದಲ್ಲಿ, ಮುಚ್ಚಿದ ಕಟ್ಟಡದ ಮೇಲೆ ಕಥೆಯಲ್ಲಿದ್ದಂತೆಯೇ ಉಪಗ್ರಹದ ದೊಡ್ಡ ಮಾದರಿಯೊಂದನ್ನು ಕೆಲವು ವಾರ ನಿಲ್ಲಿಸಿದರು. ರೈಲು ಇಳಿದು ಬಂದವರು ತಲೆಯೆತ್ತಿ ನೋಡಿ ಫೋಟೋ ಹಿಡಿದುಕೊಂಡರು. ಅದೇ ಜಾಗದಲ್ಲಿ ಹೊಸ ರೇಡಿಯೋ ಕೈಕಾನ್ ತೆರೆದದ್ದು 2014ರಲ್ಲಿ. ಹಳೆಯದರ ಮೆಟ್ಟಿಲು ಮತ್ತು ಕಾರಿಡಾರುಗಳು ಈಗ ಆಟದ ಹಿನ್ನೆಲೆ ಚಿತ್ರಗಳಲ್ಲೂ ಅನಿಮೆಯ ಮೊದಲ ಕಂತಿನಲ್ಲೂ ಹಾಗೆಯೇ ಇವೆ.