ಗಂಜಾಮಿನ ದೊಡ್ಡಸ್ವಾಮಿಯವರು ಮತ್ತು ಧರ್ಮಸಭೆಯ ವಸ್ತುಸಂಗ್ರಹ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಕ್ರೈಸ್ತ ಚರಿತ್ರೆಯನ್ನು ಅರಸಹೊರಟವರಿಗೆ ಮೊದಲ ತೊಡಕು ಹೆಸರಿನದೇ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಮೈಸೂರು ಮತ್ತು ಬೆಂಗಳೂರು ಧರ್ಮಪ್ರಾಂತ್ಯಗಳು ಎರಡಾದದ್ದು 1940ರಲ್ಲಿ. ಸಿರೋ ಮಲಬಾರ್ ವಿಧಿಯ ಮಂಡ್ಯ ಧರ್ಮಪ್ರಾಂತ್ಯವಂತೂ 2010ರದು. ಆದುದರಿಂದ ಹಳೆಯ ಕಾಗದಪತ್ರಗಳನ್ನು ಶ್ರೀರಂಗಪಟ್ಟಣ, ಮೈಸೂರು ಎಂಬ ಹೆಸರುಗಳಲ್ಲಿ ಹುಡುಕಬೇಕು. ಅವೂ ಬಹುಪಾಲು ದೂರದಲ್ಲಿವೆ. 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರನ್ನು ಅರಿಯಲು ರೋಮಿಗೂ, ಫ್ರೆಂಚ್ ಗುರುಗಳನ್ನು ಅರಿಯಲು ಪ್ಯಾರಿಸಿಗೂ ಹೋಗಬೇಕು. ಇಲ್ಲಿ ಉಳಿದಿರುವುದು ಗಂಟೆ, ಪೂಜಾಪಾತ್ರೆ, ಮಾಸಿದ ಪೂಜಾವಸ್ತ್ರ, ಗೆದ್ದಲು ಹಿಡಿದ ಜ್ಞಾನಸ್ನಾನದ ಪುಸ್ತಕ.

ಇವುಗಳನ್ನು ಕಾಯುವುದು ಗುರುವಿನ ಕೆಲಸವೇ? ಹೌದೆನ್ನುತ್ತದೆ 2001ರ ಆಗಸ್ಟ್ 15ರಂದು ವ್ಯಾಟಿಕನ್ನಿನ ಸಾಂಸ್ಕೃತಿಕ ಪರಂಪರೆಯ ಆಯೋಗವು ಹೊರಡಿಸಿದ ಸುತ್ತೋಲೆ. ಧರ್ಮಸಭೆಯ ವಸ್ತುಸಂಗ್ರಹಾಲಯವನ್ನು ಅದು ಪಾಲನಾಸೇವೆಯ ಅಂಗವೆಂದೇ ಕಾಣುತ್ತದೆ. ಬಳಕೆ ತಪ್ಪಿದ ವಸ್ತುವೂ ತನ್ನ ಸಮುದಾಯದ ವಿಶ್ವಾಸಕ್ಕೆ ಸಾಕ್ಷಿಯಾಗಿ ಉಳಿಯಬೇಕೆಂಬುದು ಅದರ ಆಶಯ. ಮಾತು ಸರಿಯೇ, ಆದರೆ ಸಾಕ್ಷಿಯೆಂದರೆ ಹೊಗಳಿಕೆಯಲ್ಲ. ನಮ್ಮ ಸೀಮೆಯ ಚರಿತ್ರೆ ಇದನ್ನು ಚೆನ್ನಾಗಿ ತೋರಿಸುತ್ತದೆ.

1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತರಲಾಯಿತು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಬಳಿಕ, ಚದುರಿದ ವಿಶ್ವಾಸಿಗಳನ್ನು ಒಗ್ಗೂಡಿಸಲು ಬಂದವರು ಪ್ಯಾರಿಸ್ ವಿದೇಶೀ ಮಿಷನ್ನಿನ ಅಬೆ ದ್ಯುಬ್ವಾ. ಗಂಜಾಮಿನ ದೇವಾಲಯ ಅವರ ಕಾಲದ್ದು. ರುಮಾಲು ಸುತ್ತಿ, ಈ ನೆಲದ ಉಡುಗೆ ತೊಟ್ಟು, ಜನರಂತೆಯೇ ಬದುಕಿದ ಅವರನ್ನು ಜನ ದೊಡ್ಡಸ್ವಾಮಿಯವರೆಂದರು. ಸಿಡುಬಿಗೆ ದೇವಿ ಹಾಕುವುದು ಇನ್ನೂ ಹೊಸತಾಗಿದ್ದ 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,432 ಮಂದಿಗೆ ದೇವಿ ಹಾಕಲಾಯಿತೆಂಬ ಲೆಕ್ಕವಿದೆ. ಈ ನೆಲದ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಕಂಪನಿ ಸರ್ಕಾರ ಕೊಂಡು, 1816ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿತು.

ಇಷ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ಸುಲಭ. ಕಷ್ಟವಾದದ್ದು ಮುಂದಿನದು. ಮೂರು ದಶಕಗಳ ದುಡಿಮೆಯ ನಂತರ 1823ರಲ್ಲಿ ದೇಶ ಬಿಟ್ಟ ಅದೇ ಗುರು, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವ ಯತ್ನ ಸೋತಿತೆಂದು ಆ ವರ್ಷವೇ ಪ್ರಕಟವಾದ ಪತ್ರಗಳಲ್ಲಿ ಬಹಿರಂಗವಾಗಿ ಬರೆದರು. ಮಿಷನರಿಗಳು ಖಂಡಿಸಿ ಉತ್ತರ ಬರೆದರು. ಆ ಪತ್ರಗಳನ್ನು ಮರೆಮಾಡಿ ದೇವಿ ಹಾಕಿದ ಕಥೆಯನ್ನು ಮಾತ್ರ ಹೇಳುವ ಸಂಗ್ರಹಾಲಯ ಪಾಲಕನದಲ್ಲ, ಪ್ರಚಾರಕನದು. ಸೋತೆನೆಂದುಕೊಂಡ ಗುರುವಿನ ಮುಂದೆ, ಇಂದು ಸಣ್ಣ ಸಭೆಯೊಂದರಲ್ಲಿ ಒಬ್ಬಂಟಿಯಾಗಿ ದುಡಿಯುವ ಗುರು ಸ್ವಲ್ಪ ಹೊತ್ತು ನಿಲ್ಲುವಂತಾದರೆ, ಅದೂ ಪಾಲನೆಯೇ. 1784ರ ಸೆರೆಯ ಕಥೆಗೂ ಇದೇ ಎಚ್ಚರ ಬೇಕು: ನೋವನ್ನು ಅಳಿಸಬಾರದು, ನೆರೆಯವರ ಮೇಲಿನ ಹಗೆಯಾಗಿಯೂ ಕಾಪಿಡಬಾರದು.

ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ಕಾಗದಪತ್ರಗಳು ಕನ್ನಡ ನಾಡಿನಲ್ಲೇ ವಿದ್ವಾಂಸರಿಗೆ ಸಿಗುತ್ತವೆ. ನಮ್ಮ ಸೀಮೆಗೆ ಅಷ್ಟು ದೊಡ್ಡ ಕಟ್ಟಡ ಬೇಡ. ಹಳೆಯ ಗುಡಿಯನ್ನು ಕೆಡವಿ ಹೊಸದನ್ನು ಕಟ್ಟುವ ಉತ್ಸಾಹದಲ್ಲಿ ಗುಜರಿಗೆ ಹೋಗುವುದನ್ನು ತಡೆದರೆ ಸಾಕು. ಬಡ ಕೂಲಿಯವಳ ಹೆಸರು ಬರವಣಿಗೆಯಲ್ಲಿ ಉಳಿದಿರುವುದು ಜ್ಞಾನಸ್ನಾನದ ಪುಸ್ತಕದಲ್ಲಿ ಮಾತ್ರವಾಗಿರಬಹುದು. ಮಳವಳ್ಳಿಗೋ ಮದ್ದೂರಿಗೋ ನೇಮಕಗೊಂಡು ಹೋಗುವ ಹೊಸ ಗುರುಗಳು ಮೊದಲ ವಾರದಲ್ಲೇ ಪೂಜಾವಸ್ತ್ರಗಳ ಬೀರುವನ್ನು ತೆರೆದು, ಅತ್ಯಂತ ಹಿರಿಯ ಸಭಾಸದರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಲ್ಲಿರುವುದನ್ನು ಒಂದೊಂದಾಗಿ ಪಟ್ಟಿಮಾಡಬೇಕೆಂದು ಕೋರುತ್ತೇವೆ.